ಮೈಸೂರಿಗೂ ಒಂದು ಕಡಲುಂಟು

ಮೈಸೂರಿಗೆ ಬರುವ ಪ್ರವಾಸಿಗರಿಗೆ ಇಲ್ಲಿ ನೋಡಬೇಕಾದ ಸ್ಥಳಗಳು ಬಾಯಿಪಾಠವಾಗಿರುತ್ತವೆ. ಬೆಳಿಗ್ಗೆ ಅರಮನೆ, ಮಧ್ಯಾಹ್ನ ಮೃಗಾಲಯ, ಇಳಿಹೊತ್ತಿಗೆ ಚಾಮುಂಡಿ ಬೆಟ್ಟ, ಸಂಜೆಗೆ ಬೃಂದಾವನ. ಊರಿನವರಾದ ನಮಗಾದರೋ ಇವೆಲ್ಲ ನೆಂಟರು ಬಂದಾಗ ಮಾತ್ರ ನೆನಪಿಗೆ ಬರುವಂಥವು. ನಮ್ಮ ನಿತ್ಯದ ಮೈಸೂರು ಬೇರೆಯೇ ಆಗಿದೆ. ಮುಂಜಾನೆಯ ತೆಳುಮಂಜಿನಲ್ಲಿ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುವ ಹಿರಿಯರು, ಕೆರೆಯಿಂದ ಕೆರೆಗೆ ಸಾಲುಗಟ್ಟಿ ಹಾರುವ ಕೊಕ್ಕರೆಗಳು, ಮಳೆ ಬಿದ್ದಾಗ ತುಂಬಿ ಹರಿಯುವ ರಾಜಕಾಲುವೆಗಳು, ಇವುಗಳಲ್ಲಿ ಅದು ಇದೆ. ಈ ನಿತ್ಯದ ಮೈಸೂರಿನಲ್ಲಿ ನಲವತ್ತು ವರ್ಷ ಬಾಳಿಯೂ ನಾನು ಕಾಣದೆ ಉಳಿದಿದ್ದ ಸಂಗತಿಯೊಂದನ್ನು ನನ್ನ ಮೊಮ್ಮಗಳ ಒಂದು ಪ್ರಶ್ನೆ ತೋರಿಸಿಕೊಟ್ಟಿತು. ಅದನ್ನು ಓದುಗ ಬಂಧುಗಳ ಮುಂದಿಡುವುದೇ ಈ ಬರೆಹದ ಉದ್ದೇಶ.

ಕಳೆದ ಡಿಸೆಂಬರಿನ ಒಂದು ಬೆಳಿಗ್ಗೆ ಅವಳು ದಿನಪತ್ರಿಕೆ ಓದುತ್ತಿದ್ದಳು. ಕರಾವಳಿಯ ಶಾಲಾಮಕ್ಕಳು ಕಡಲ ದಂಡೆಯಲ್ಲಿ ಬಿದ್ದಿದ್ದ ಪ್ಲಾಸ್ಟಿಕ್ಕನ್ನು ಆಯುತ್ತಿರುವ ಚಿತ್ರ ಅದರಲ್ಲಿತ್ತು. ದಂಡೆಯ ಕಸ ನೀರಿಗಿಳಿದರೆ ಆಮೆ, ಮೀನು ಮತ್ತು ದ್ವೀಪಗಳ ಸುತ್ತಲಿನ ಜೀವರಾಶಿಗೆ ಕಂಟಕವೆಂಬ ವಿವರಣೆ ಕೆಳಗಿತ್ತು. ಓದಿ ಮುಗಿಸಿ ಅವಳು ಕೇಳಿದಳು: "ನಮ್ಮೂರಿಗೆ ಕಡಲೇ ಇಲ್ಲವಲ್ಲ ಅಜ್ಜಿ, ನಾವು ಏನನ್ನು ಕಾಪಾಡುವುದು?"

ಆ ಕ್ಷಣಕ್ಕೆ ನನಗೆ ಉತ್ತರ ಹೊಳೆಯಲಿಲ್ಲ. "ಕಡಲಿಲ್ಲದಿದ್ದರೇನು, ಕೆರೆ ಇದೆಯಲ್ಲ. ಬರುವ ಭಾನುವಾರ ಹೋಗೋಣ" ಎಂದೆ. ನಮ್ಮ ಪರಿಚಯದ ನಿವೃತ್ತ ಜೀವಶಾಸ್ತ್ರ ಮೇಷ್ಟ್ರೊಬ್ಬರು ಕೆಲವು ಗೆಳೆಯರನ್ನು ಕೂಡಿಸಿಕೊಂಡು ಕೆರೆದಂಡೆ ಶುಚಿ ಮಾಡಲು ಹೊರಟಿದ್ದಾರೆಂಬುದು ನನಗೆ ತಿಳಿದಿತ್ತು. ಹೀಗೆ ನಮ್ಮ ಪ್ರವಾಸ ಮನೆಯಿಂದ ಎರಡೇ ಕಿಲೋಮೀಟರ್ ದೂರದಲ್ಲಿ ಆರಂಭವಾಯಿತು.

ಕೆರೆಯ ದಂಡೆಯಲ್ಲಿ

ಕುಕ್ಕರಹಳ್ಳಿ ಕೆರೆಯನ್ನು ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದರು. ಊರಾಚೆಯ ಗದ್ದೆಗಳಿಗೆ ನೀರುಣಿಸಲೆಂದು ಕಟ್ಟಿದ ಈ ಕೆರೆಯ ಸುತ್ತ ಇಂದು ಊರೇ ಬೆಳೆದು ನಿಂತಿದೆ. ಕುವೆಂಪು ಅವರು 'ಮಾನಸಗಂಗೋತ್ರಿ' ಎಂದು ಹೆಸರಿಟ್ಟ ವಿಶ್ವವಿದ್ಯಾನಿಲಯದ ಆವರಣ ಕೆರೆಯ ಮಗ್ಗುಲಲ್ಲೇ ಇದೆ. ಕೆರೆಯೂ ವಿಶ್ವವಿದ್ಯಾನಿಲಯಕ್ಕೇ ಸೇರಿದ್ದು. ದಿವಾನ್ ಪೂರ್ಣಯ್ಯನವರ ಹೆಸರಿನ ಕಾಲುವೆ ಒಂದು ಕಾಲಕ್ಕೆ ಇದಕ್ಕೆ ಮಳೆನೀರನ್ನು ಹೊತ್ತು ತರುತ್ತಿತ್ತು. ಬಡಾವಣೆಗಳು ಎದ್ದಂತೆ ಕಾಲುವೆ ಅಲ್ಲಲ್ಲಿ ಮುಚ್ಚಿಹೋಯಿತು. ಮಳೆನೀರು ಬರುವ ದಾರಿ ಕಿರಿದಾಗಿ, ಮನೆಗಳ ಕೊಳಚೆ ನುಗ್ಗುವ ದಾರಿ ಹಿರಿದಾಯಿತು. ಇದು ಈ ಒಂದು ಕೆರೆಯ ಕತೆಯಲ್ಲ, ನಾಡಿನ ನಗರಗಳ ಕೆರೆಗಳೆಲ್ಲದರ ಕತೆ.

ಆ ಭಾನುವಾರ ಸುಮಾರು ಮೂವತ್ತು ಮಂದಿ ಕೂಡಿದ್ದೆವು. ಕೈಗವಸು, ಗೋಣಿಚೀಲ, ಉದ್ದನೆಯ ಇಕ್ಕಳ, ಇಷ್ಟೇ ನಮ್ಮ ಸಲಕರಣೆ. ನೀರಿನಲ್ಲಿ ಹೆಜ್ಜಾರ್ಲೆಗಳು ದೋಣಿಗಳಂತೆ ತೇಲುತ್ತಿದ್ದವು. ಒಣಕೊಂಬೆಯೊಂದರ ಮೇಲೆ ನೀರುಕಾಗೆ ರೆಕ್ಕೆ ಬಿಚ್ಚಿ ಬಿಸಿಲಿಗೆ ಒಡ್ಡಿಕೊಂಡಿತ್ತು. ದೂರದಿಂದ ನೋಡಿದರೆ ಶುಚಿ ಮಾಡಲು ಇಲ್ಲೇನಿದೆ ಎನಿಸುವಷ್ಟು ಅಂದವಾದ ನೋಟ. ಆದರೆ ಬಾಗಿ ಜೊಂಡಿನ ಬುಡವನ್ನು ನೋಡಿದಾಗಲೇ ನಿಜಸ್ಥಿತಿ ತಿಳಿಯುವುದು. ಕುರುಕಲು ತಿಂಡಿಯ ಪೊಟ್ಟಣ, ನೀರಿನ ಬಾಟಲಿ, ಥರ್ಮಾಕೋಲ್ ತಟ್ಟೆಯ ಚೂರು, ಪಾನ್ ಮಸಾಲಾ ಚೀಟಿ. ಇವೆಲ್ಲಕ್ಕಿಂತ ಹೆಚ್ಚಾಗಿ ಸಿಕ್ಕಿದ್ದು ಉಗುರಗಲದ ಬಿಳಿಯ ತ್ರಿಕೋನದ ತುಣುಕುಗಳು. ಅವು ಏನೆಂದು ಮೊದಲು ಯಾರಿಗೂ ಗೊತ್ತಾಗಲಿಲ್ಲ. ಮೊಮ್ಮಗಳೇ ಗುರುತಿಸಿದಳು: ಹಾಲಿನ ಪೊಟ್ಟಣದ ಕತ್ತರಿಸಿದ ಮೂಲೆಗಳು! ನಾವೆಲ್ಲ ಗೃಹಿಣಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಪ್ರತಿದಿನ ಬೆಳಿಗ್ಗೆ ನಮ್ಮ ಕೈಯೇ ಕತ್ತರಿಸಿ ತೊಟ್ಟಿಗೆ ತೇಲಿಬಿಡುವ ಚೂರು ಅದು.

ಮೇಷ್ಟ್ರು ಜೊಂಡಿನಿಂದ ನೈಲಾನ್ ದಾರದ ಒಂದು ಸಿಕ್ಕನ್ನು ಬಿಡಿಸಿ ಮಕ್ಕಳಿಗೆ ತೋರಿಸಿದರು. ಯಾರೋ ಗಾಳ ಹಾಕಿ ಕಿತ್ತು ಬಿಟ್ಟುಹೋದದ್ದು. ಹಾವಕ್ಕಿ ಮತ್ತು ನೀರುಕಾಗೆಗಳು ನೀರಿನೊಳಗೆ ಮುಳುಗಿ ಮೀನನ್ನು ಬೆನ್ನಟ್ಟುತ್ತವೆ. ಅಲ್ಲಿ ಈ ದಾರ ಕಾಲಿಗೋ ರೆಕ್ಕೆಗೋ ಸುತ್ತಿಕೊಂಡರೆ ಹಕ್ಕಿ ಮತ್ತೆ ಮೇಲೇಳುವುದು ಕಷ್ಟ. "ಬಣ್ಣದ ಕೊಕ್ಕರೆ ಕಣ್ಣಿನಿಂದ ನೋಡಿ ಮೀನು ಹಿಡಿಯುವುದಿಲ್ಲ ಮಕ್ಕಳೇ. ಅರೆತೆರೆದ ಕೊಕ್ಕನ್ನು ನೀರಿನಲ್ಲಿ ಅದ್ದಿ ನಡೆಯುತ್ತದೆ. ಏನಾದರೂ ತಾಗಿದೊಡನೆ ಕೊಕ್ಕು ಮುಚ್ಚುತ್ತದೆ. ನೀರಿನಲ್ಲಿ ತಾಗುವುದೆಲ್ಲ ಆಹಾರವೇ ಎಂಬ ನಂಬಿಕೆ ಅದರದು" ಎಂದರು. ನೀರನ್ನು ಹೀಗೆ ನಂಬಿ ಬದುಕುವ ಜೀವಿಗಳ ಬಟ್ಟಲಿಗೆ ನಾವು ಏನನ್ನು ಬಡಿಸುತ್ತಿದ್ದೇವೆ ಎಂದು ಯೋಚಿಸುವಂತಾಯಿತು.

ಹಾಗೆಂದು ಕಂಡದ್ದನ್ನೆಲ್ಲ ಕಿತ್ತು ಹಾಕುವುದೂ ಶುಚಿಯಲ್ಲವೆಂದು ಅವರು ಎಚ್ಚರಿಸಿದರು. ಉತ್ಸಾಹದಿಂದ ಜೊಂಡು ಕೊಯ್ಯಹೊರಟ ಇಬ್ಬರು ತರುಣರನ್ನು ತಡೆದರು. ಜೊಂಡಿನಲ್ಲಿ ಮೀನಿನ ಮರಿಗಳು ಬೆಳೆಯುತ್ತವೆ, ನೀರುಕೋಳಿಗಳು ಗೂಡು ಕಟ್ಟುತ್ತವೆ. ಒಣಗಿ ನಿಂತ ಮರ ನಮಗೆ ಸೌದೆಯಾದರೆ ಹಕ್ಕಿಗೆ ಪೀಠ. ಆದರೆ ಕೊಳಚೆಯ ಸಾರದಿಂದ ಕೊಬ್ಬಿ ನೀರಿನ ಮೇಲೆ ಹೊದಿಕೆಯಂತೆ ಹಬ್ಬುವ ಅಂತರಗಂಗೆಯ ಮಾತು ಬೇರೆ. ಅದು ಬೆಳಕನ್ನು ತಡೆಯುತ್ತದೆ, ಕೊಳೆತಾಗ ನೀರಿನ ಆಮ್ಲಜನಕವನ್ನು ಹೀರುತ್ತದೆ. ಮೀನುಗಳು ಉಸಿರು ಕಟ್ಟಿ ಸಾಯುತ್ತವೆ. ಯಾವುದು ಕಸ, ಯಾವುದು ಬದುಕು ಎಂಬ ವಿವೇಕವೇ ಈ ಕೆಲಸದ ಮೊದಲ ಪಾಠ.

ಕೈಮುಗಿದು ಎಸೆದದ್ದು

ಮಧ್ಯಾಹ್ನವಾಗುತ್ತಿದ್ದಂತೆ ಕಾಲುವೆ ಕೆರೆಗೆ ಸೇರುವ ಮೂಲೆಯಲ್ಲಿ ನಮ್ಮಲ್ಲೊಬ್ಬರಿಗೆ ದೇವರ ಪಟವೊಂದು ಸಿಕ್ಕಿತು. ಗಾಜು ಒಡೆದಿತ್ತು, ಬಣ್ಣ ಮಾಸಿತ್ತು, ಪ್ಲಾಸ್ಟಿಕ್ ಚೌಕಟ್ಟು ಮಾತ್ರ ಹೊಸದರಂತೆ ಹೊಳೆಯುತ್ತಿತ್ತು. ಅದುವರೆಗೆ ಎಗ್ಗಿಲ್ಲದೆ ಕಸ ತುಂಬುತ್ತಿದ್ದ ಕೈಗಳೆಲ್ಲ ನಿಂತವು. ದೇವರ ಪಟವನ್ನು ಗೋಣಿಗೆ ಹಾಕುವ ಧೈರ್ಯ ಯಾರಿಗೂ ಬರಲಿಲ್ಲ. ಮತ್ತೆ ನೀರಿಗೇ ಬಿಡುವಂತೆಯೂ ಇಲ್ಲ. ಮಕ್ಕಳು ನಮ್ಮ ಮುಖವನ್ನೇ ನೋಡುತ್ತಿದ್ದರು.

ನಾನು ತಲೆ ತಗ್ಗಿಸಿದೆ. ಆರು ವರ್ಷಗಳ ಹಿಂದೆ, ನಮ್ಮ ಯಜಮಾನರು ತೀರಿಕೊಂಡ ಬಳಿಕ, ಅಗ್ರಹಾರದ ಹಳೆಯ ಮನೆಯನ್ನು ಬಿಟ್ಟು ಮಗನ ಮನೆಗೆ ಬಂದಾಗ ಗೋಡೆಗಳ ಮೇಲಿದ್ದ ಹನ್ನೆರಡು ಹಳೆಯ ಪಟಗಳನ್ನು ಏನು ಮಾಡುವುದೆಂದು ತಿಳಿದಿರಲಿಲ್ಲ. ಹೊಸ ಮನೆಯಲ್ಲಿ ಜಾಗವಿರಲಿಲ್ಲ. ಕಸದವರಿಗೆ ಕೊಡಲು ಮನಸ್ಸು ಒಪ್ಪಲಿಲ್ಲ. ಕಾರಿನಲ್ಲಿ ಶ್ರೀರಂಗಪಟ್ಟಣಕ್ಕೆ ಹೋಗಿ, ಸ್ನಾನಘಟ್ಟದ ಮೆಟ್ಟಿಲಿಳಿದು, ಒಂದೊಂದಾಗಿ ಕಾವೇರಿಗೆ ಬಿಟ್ಟು ಕೈಮುಗಿದು ಬಂದಿದ್ದೆ. ಗಾಜು, ತಗಡು, ಮೊಳೆ, ಪ್ಲಾಸ್ಟಿಕ್ ಎಲ್ಲವೂ ಆ ನಮಸ್ಕಾರದೊಡನೆ ಹೊಳೆಯ ಪಾಲಾಗಿತ್ತು. ಕೈಮುಗಿದು ಎಸೆದದ್ದು ಕಸವಲ್ಲವೆಂದೇ ನಾನು ನಂಬಿದ್ದೆ.

ಮೇಷ್ಟ್ರು ಪಟವನ್ನು ಕೈಗೆತ್ತಿಕೊಂಡು ಸಾವಧಾನವಾಗಿ ಬಿಚ್ಚಿದರು. ಗಾಜಿನ ಚೂರುಗಳನ್ನು ದಪ್ಪ ರಟ್ಟಿನಲ್ಲಿ ಸುತ್ತಿ ಬೇರೆಯಿಟ್ಟರು. ಚೌಕಟ್ಟು ಒಣಕಸದ ಚೀಲಕ್ಕೆ ಹೋಯಿತು. ಉಳಿದ ಚಿತ್ರದ ಕಾಗದವನ್ನು ನನ್ನ ಕೈಗೆ ಕೊಟ್ಟು, "ಮನೆಗೆ ಒಯ್ದು ನೀರಿನಲ್ಲಿ ನೆನೆಸಿ, ಗಿಡದ ಬುಡದ ಮಣ್ಣಿಗೆ ಸೇರಿಸಿಬಿಡಿ ಅಮ್ಮಾ. ಅಷ್ಟೇ" ಎಂದರು. ಅಷ್ಟು ಸುಲಭವಾದದ್ದು ನನಗೆ ಆರು ವರ್ಷ ಮೊದಲು ಏಕೆ ಹೊಳೆಯಲಿಲ್ಲ? ಅಂಗಳದ ಕಸ ಗುಡಿಸುವುದನ್ನೇ ಕಾಯಕವಾಗಿ ಕೈಗೊಂಡ ಸತ್ಯಕ್ಕನಂಥ ಶರಣೆಯನ್ನು ನೆನೆಯುವ ಮನೆತನದವಳು ನಾನು. ಗುಡಿಸಿದ್ದನ್ನು ಎಲ್ಲಿ ಹಾಕಿದೆ ಎಂಬ ಪ್ರಶ್ನೆಯನ್ನು ಮಾತ್ರ ಕೇಳಿಕೊಂಡಿರಲಿಲ್ಲ.

ತಿಟ್ಟುಗಳ ನಡುವೆ

ಶಿವರಾತ್ರಿ ಕಳೆದ ಮೇಲೆ, ಕೊಕ್ಕರೆಗಳು ಗೂಡು ಕಟ್ಟಿರುವ ಕಾಲವೆಂದು, ಮೇಷ್ಟ್ರು ಮಕ್ಕಳನ್ನೆಲ್ಲ ರಂಗನತಿಟ್ಟಿಗೆ ಕರೆದೊಯ್ದರು. ಮೈಸೂರಿನಿಂದ ಸುಮಾರು 18 ಕಿಲೋಮೀಟರ್ ದೂರ, ಶ್ರೀರಂಗಪಟ್ಟಣಕ್ಕಿಂತ ಸ್ವಲ್ಪ ಮೇಲೆ, ಕಾವೇರಿಯ ನಡುವೆ ಈ ನಡುಗಡ್ಡೆಗಳಿವೆ. ಹಳೆಯ ಮೈಸೂರಿನ ಮಾತಿನಲ್ಲಿ ತಿಟ್ಟು ಎಂದರೆ ದಿಣ್ಣೆ. 1645 ಮತ್ತು 1648ರ ನಡುವೆ ಕಂಠೀರವ ನರಸರಾಜ ಒಡೆಯರು ಹೊಳೆಗೆ ಅಡ್ಡಲಾಗಿ ಕಟ್ಟಿಸಿದ ಒಡ್ಡಿನಿಂದಾಗಿ ಈ ತಿಟ್ಟುಗಳು ಉಂಟಾದವು. ಬೆಳೆಗೆಂದು ಮನುಷ್ಯ ಕಟ್ಟಿದ ಒಡ್ಡು, ಹಕ್ಕಿಗಳಿಗೆ ತವರಾಯಿತು. ಪಕ್ಷಿತಜ್ಞ ಸಲೀಂ ಅಲಿಯವರು ಈ ತಿಟ್ಟುಗಳನ್ನು ಕಂಡು ಮೈಸೂರು ಅರಸರಿಗೆ ಒತ್ತಾಯಿಸಿದ್ದರ ಫಲವಾಗಿ 1940ರಲ್ಲಿ ಇದು ಪಕ್ಷಿಧಾಮವಾಯಿತು. 2022ರಲ್ಲಿ ಜಗತ್ತಿನ ಮಹತ್ವದ ಜೌಗುನೆಲೆಗಳ ರಾಮ್‌ಸರ್ ಪಟ್ಟಿಗೆ ಸೇರಿತು. ಆ ಮನ್ನಣೆ ಪಡೆದ ಕರ್ನಾಟಕದ ಮೊದಲ ತಾಣ ಇದೇ.

ದೋಣಿ ನಿಧಾನವಾಗಿ ತಿಟ್ಟುಗಳ ನಡುವೆ ಸಾಗಿತು. ಬಂಡೆಯ ಮೇಲೆ ಮೊಸಳೆಯೊಂದು ಬಾಯಿ ತೆರೆದು ಮಲಗಿತ್ತು. ನೀರಿಗೆ ಬಾಗಿದ ಮರಗಳ ತುಂಬ ಬಣ್ಣದ ಕೊಕ್ಕರೆಗಳ ಗೂಡುಗಳು. ಚಮಚದಂಥ ಕೊಕ್ಕಿನ ಹಕ್ಕಿ ಗೂಡಿಗೆ ಕಡ್ಡಿ ತರುತ್ತಿತ್ತು. ಒಂದು ತಾಯಿಕೊಕ್ಕರೆ ಬಿಸಿಲಿಗೆ ಬೆನ್ನು ಕೊಟ್ಟು, ಎರಡೂ ರೆಕ್ಕೆಗಳನ್ನು ಕೊಡೆಯಂತೆ ಅಗಲಿಸಿ, ಮರಿಗಳ ಮೇಲೆ ನೆರಳು ಹಿಡಿದು ನಿಂತಿತ್ತು. ಅದನ್ನು ಕಂಡು ಮಕ್ಕಳ ಗಲಾಟೆಯೆಲ್ಲ ತಾನೇ ಅಡಗಿತು. ಹಕ್ಕಿಗಳು ನಡುಗಡ್ಡೆಯನ್ನೇ ಏಕೆ ಆರಿಸಿಕೊಳ್ಳುತ್ತವೆಂದು ಮೇಷ್ಟ್ರು ಹೇಳಿದರು. ಸುತ್ತ ನೀರಿರುವುದರಿಂದ ನಾಯಿ, ಬೆಕ್ಕು, ಮನುಷ್ಯ ಯಾರೂ ಸುಲಭವಾಗಿ ಹತ್ತಲಾರರು. ನಡುಗಡ್ಡೆಯೆಂದರೆ ನೀರಿನ ಬೇಲಿಯುಳ್ಳ ತೊಟ್ಟಿಲು. ನಮ್ಮ ಮೃಗಾಲಯದ ಮಗ್ಗುಲಿನ ಕಾರಂಜಿ ಕೆರೆಯಲ್ಲೂ, ಊರಿನ ಗದ್ದಲದ ನಡುವೆಯೇ, ಹಕ್ಕಿಗಳು ನಡುಗಡ್ಡೆಯ ಮರಗಳನ್ನು ನಂಬಿರುವುದು ಇದೇ ಕಾರಣಕ್ಕೆ.

ಒಂದು ತಿಟ್ಟಿನ ತುದಿಯಲ್ಲಿ, ನೀರಿಗಿಂತ ಆಳೆತ್ತರ ಮೇಲಿನ ಕೊಂಬೆಗೆ ಕೆಂಪು ಬಟ್ಟೆಯ ಚಿಂದಿಯೂ ಪ್ಲಾಸ್ಟಿಕ್ ಚೀಲವೊಂದೂ ಸುತ್ತಿಕೊಂಡು ನೇತಾಡುತ್ತಿದ್ದವು. ಅದಕ್ಕೆ ಎರಡು ಮೊಳ ಮೇಲೆ ಗೂಡಿತ್ತು. ಅಷ್ಟು ಎತ್ತರಕ್ಕೆ ಅದು ಹೇಗೆ ಹೋಯಿತೆಂದು ಕೇಳಿದೆ.

"ಹೊಳೆ ಬಂದಾಗ ಇಲ್ಲಿಗೆಲ್ಲ ನೀರು ಬರ್ತದೆ ಅಮ್ಮಾ. ಮೇಲಿಂದ ಹೊಳೆ ತರ್ತದೆ, ಮರ ಹಿಡ್ಕೊಳ್ತದೆ" ಎಂದ ದೋಣಿಯವನು. 2018 ಮತ್ತು 2019ರ ಮಳೆಗಾಲಗಳಲ್ಲಿ ಕನ್ನಂಬಾಡಿ ಕಟ್ಟೆಯಿಂದ ಭಾರಿ ನೀರು ಹೊರಬಿದ್ದಾಗ ತಿಟ್ಟುಗಳು ಮುಳುಗಿ, ಮಣ್ಣು ಕೊಚ್ಚಿಹೋಗಿ, ಆಮೇಲೆ ಅರಣ್ಯ ಇಲಾಖೆಯವರು ಚೀಲಗಳ ಒಡ್ಡು ಕಟ್ಟಿ ಅವನ್ನು ಉಳಿಸಿಕೊಂಡದ್ದನ್ನು ಮೇಷ್ಟ್ರು ನೆನಪಿಸಿದರು.

ಮೊಮ್ಮಗಳಿಗೆ ತಡೆಯಲಾಗಲಿಲ್ಲ. "ದೋಣಿ ಹತ್ತಿರ ನಿಲ್ಲಿಸಿ, ನಾನೇ ಹತ್ತಿ ತೆಗೆದುಬಿಡುತ್ತೇನೆ" ಎಂದಳು. ದೋಣಿಯವನು ನಕ್ಕು ತಲೆಯಾಡಿಸಿದ: "ಬೇಡ ಕಂದಾ. ನೀನು ಹತ್ತಿದ್ರೆ ತಾಯಿಹಕ್ಕಿ ಎದ್ದುಬಿಡ್ತದೆ. ಮರಿಗೆ ಬಿಸಿಲು ಬಡೀತದೆ, ಕಾಗೆ ಹದ್ದು ಕಾಯ್ತಾ ಇರ್ತವೆ. ಗೂಡು ಬಿಟ್ಟ ಮೇಲೆ ನಮ್ಮವರು ತೆಗೀತಾರೆ."

ಈ ಮಾತು ನನ್ನ ಮನಸ್ಸಿನಲ್ಲಿ ನಿಂತಿತು. ದಂಡೆಗೆ ನಮ್ಮ ಕೈ ಬೇಕು; ನಡುಗಡ್ಡೆಗೆ ನಮ್ಮ ದೂರ ಬೇಕು. ಹತ್ತಿರ ಹೋಗಿ ಸೇವೆ ಮಾಡುವುದೇ ದೊಡ್ಡದೆಂದು ನಾವು ಭಾವಿಸುತ್ತೇವೆ. ಕೆಲವು ಜೀವಗಳಿಗೆ ನಾವು ಹತ್ತಿರ ಹೋಗದಿರುವುದೇ ಸೇವೆ. ಅಲ್ಲಿಗೆ ನಾವು ಕಾಲಿಡದೆ, ನಮ್ಮ ಕಸವೂ ಕಾಲಿಡದಂತೆ ನೋಡಿಕೊಳ್ಳುವುದಷ್ಟೇ ಉಳಿದ ದಾರಿ.

ಆ ಕೆಂಪು ಚಿಂದಿಯನ್ನು ನೋಡುತ್ತ, ನಾಚಿಕೆ ಬಿಟ್ಟು ಹೇಳುವುದಾದರೆ, ನನಗೆ ಕ್ಷಣಕಾಲ ನೆಮ್ಮದಿಯಾಯಿತು. ನಾನು ಪಟಗಳನ್ನು ಬಿಟ್ಟದ್ದು ಶ್ರೀರಂಗಪಟ್ಟಣದಲ್ಲಿ, ಅಂದರೆ ಇಲ್ಲಿಂದ ಕೆಳಗೆ. ಈ ಮರಕ್ಕೆ ಸಿಕ್ಕಿಕೊಂಡದ್ದು ನನ್ನದಲ್ಲ. ಆದರೆ ದೋಣಿ ದಡ ಮುಟ್ಟುವುದರೊಳಗೆ ಆ ನೆಮ್ಮದಿ ಕರಗಿತು. ಮೇಲಿನವರು ಬಿಟ್ಟದ್ದು ಇಲ್ಲಿಗೆ ಬಂದಿದ್ದರೆ, ನಾನು ಬಿಟ್ಟದ್ದು ಎಲ್ಲಿಗೆ ಹೋಗಿರಬೇಕು?

ಹೊಳೆಯ ದಾರಿ

ಅಂದು ರಾತ್ರಿ ಮೊಮ್ಮಗಳೊಡನೆ ಭೂಪಟವನ್ನು ಹರಡಿಕೊಂಡು ಕುಳಿತೆ. ಶ್ರೀರಂಗಪಟ್ಟಣವೇ ಕಾವೇರಿಯ ಒಂದು ದೊಡ್ಡ ನಡುಗಡ್ಡೆ. ಅದನ್ನು ಬಳಸಿ ಸಂಗಮದಲ್ಲಿ ಕೂಡಿಕೊಳ್ಳುವ ಹೊಳೆ ತಿರುಮಕೂಡಲು ನರಸೀಪುರಕ್ಕೆ ಇಳಿಯುತ್ತದೆ. ಅಲ್ಲಿ ಕಪಿಲೆ ಬಂದು ಸೇರುತ್ತಾಳೆ. ಮೈಸೂರು ನಗರದ ಉತ್ತರದ ಇಳಿಜಾರಿನ ನೀರು ಕಾವೇರಿಯ ಕಡೆಗೂ ದಕ್ಷಿಣದ್ದು ಕಪಿಲೆಯ ಕಡೆಗೂ ಹರಿಯುವುದರಿಂದ, ನಮ್ಮ ಊರಿನ ಎರಡೂ ಮಗ್ಗುಲಿನ ನೀರು ನರಸೀಪುರದಲ್ಲಿ ಒಂದಾಗುತ್ತದೆ. ಮುಂದೆ ತಲಕಾಡಿನ ಮರಳು, ಅದರಾಚೆ ಶಿವನಸಮುದ್ರದ ನಡುಗಡ್ಡೆ, ಗಗನಚುಕ್ಕಿ ಭರಚುಕ್ಕಿ, ಮೇಕೆದಾಟು. ತಲಕಾವೇರಿಯಿಂದ ಸುಮಾರು 800 ಕಿಲೋಮೀಟರ್ ಹರಿದು, ತಮಿಳುನಾಡಿನ ಪೂಂಪುಹಾರ್ ಬಳಿ ಹೊಳೆ ಕಡಲನ್ನು ಸೇರುತ್ತದೆ.

ಆ ತೀರದ ಮರಳಿಗೆ ಪ್ರತಿವರ್ಷ ಚಳಿಗಾಲದ ಕೊನೆಯ ತಿಂಗಳುಗಳಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ನೀರಿನಲ್ಲಿ ತೇಲುವ ಪ್ಲಾಸ್ಟಿಕ್ ಚೀಲವನ್ನು ಕಡಲಾಮೆಗಳು ಲೋಳೆಮೀನೆಂದು ಭ್ರಮಿಸಿ ನುಂಗುವುದುಂಟು. ಮೊಮ್ಮಗಳು ಬೆರಳಿನಿಂದ ನೀಲಿಗೆರೆಯನ್ನು ಕಡಲಿನಿಂದ ಮೈಸೂರಿನವರೆಗೆ ಹಿಂದಕ್ಕೆ ಎಳೆದುಕೊಂಡು ಬಂದಳು. ನಮ್ಮ ಬಡಾವಣೆಗೆ ಬಂದು ಬೆರಳು ನಿಂತಿತು. "ಹಾಗಾದರೆ ನಮ್ಮೂರಿಗೂ ಕಡಲಿದೆ ಅಜ್ಜಿ. ತುಂಬ ಉದ್ದದ ದಂಡೆ ಅಷ್ಟೇ" ಎಂದಳು. ಡಿಸೆಂಬರಿನಲ್ಲಿ ನಾನು ಕೊಡಲಾಗದಿದ್ದ ಉತ್ತರವನ್ನು ಅವಳೇ ಕಂಡುಕೊಂಡಿದ್ದಳು.

ದಂಡೆಯಿಂದ ಬೀದಿಗೆ

ಇಷ್ಟು ಹೇಳಿದ ಮೇಲೆ ನಮ್ಮ ತಂಡದ ಮುಂದಿನ ಕತೆಯನ್ನೂ ಇದ್ದಂತೆ ಹೇಳಬೇಕು. ಮೊದಲ ಭಾನುವಾರ ಮೂವತ್ತು ಮಂದಿ ಇದ್ದೆವು. ನಾಲ್ಕನೆಯ ಭಾನುವಾರಕ್ಕೆ ಏಳು ಮಂದಿ ಉಳಿದೆವು. ಶುಚಿ ಮಾಡಿದ ಮೂಲೆಗೆ ವಾರ ಕಳೆದು ಹೋದರೆ ಅದೇ ಪೊಟ್ಟಣ, ಅದೇ ಬಾಟಲಿ, ಅದೇ ಹಾಲಿನ ಮೂಲೆ. ಬಂದವರಿಗೆ ಬೇಸರ ಹುಟ್ಟಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ದೇಶದಲ್ಲೇ ಸ್ವಚ್ಛ ನಗರವೆಂದು 2015 ಮತ್ತು 2016ರಲ್ಲಿ ಮೈಸೂರು ಮೊದಲ ಸ್ಥಾನ ಪಡೆದಾಗ ನಾವೆಲ್ಲ ಹೆಮ್ಮೆಪಟ್ಟಿದ್ದೆವು. ರಾಜ್ಯದಲ್ಲಿ 2016ರಲ್ಲಿ ಪ್ಲಾಸ್ಟಿಕ್ ಚೀಲಗಳಿಗೆ ನಿಷೇಧ ಬಂತು. ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳಿಗೆ ದೇಶದಾದ್ಯಂತ 2022ರ ಜುಲೈ 1ರಿಂದ ನಿಷೇಧ ಬಂತು. ಆದರೂ ಜೊಂಡಿನ ಬುಡ ಬೇರೆ ಮಾತನ್ನೇ ಹೇಳುತ್ತಿತ್ತು.

ಏಳು ಮಂದಿ ಕುಳಿತು ಯೋಚಿಸಿದೆವು. ದಂಡೆಯಲ್ಲಿ ಆಯುವುದು ತುಂಬಿ ಹರಿಯುವ ಮನೆಯ ನೆಲ ಒರೆಸಿದಂತೆ. ಮೊದಲು ನಲ್ಲಿ ನಿಲ್ಲಿಸಬೇಕಲ್ಲವೆ? ಹಾಗಾಗಿ ತಿಂಗಳಿಗೊಮ್ಮೆ ಕೆರೆಗೆ ಹೋಗುವುದನ್ನು ಉಳಿಸಿಕೊಂಡು, ಉಳಿದ ಭಾನುವಾರಗಳಲ್ಲಿ ನಮ್ಮ ಬೀದಿಗಳಿಗೇ ಬಂದೆವು. ಮುಂಗಾರಿಗೆ ಮುನ್ನ ಬಡಾವಣೆಯ ಮಳೆನೀರಿನ ಚರಂಡಿಗಳ ಬಾಯಿಯನ್ನು ಶುಚಿ ಮಾಡಿದೆವು. ಹಾಲಿನ ಪೊಟ್ಟಣದ ಮೂಲೆಯನ್ನು ಪೂರ್ತಿ ಕತ್ತರಿಸದೆ, ಅಂಟಿಕೊಂಡಿರುವಂತೆ ಸೀಳಿದರೆ ಸಾಕೆಂದು ಮನೆಮನೆಗೆ ಹೇಳಿದೆವು. ಇದಕ್ಕೆ ಖರ್ಚಿಲ್ಲ, ಶ್ರಮವಿಲ್ಲ. ಕತ್ತರಿಯನ್ನು ಅರ್ಧ ಬೆರಳು ಮೊದಲೇ ನಿಲ್ಲಿಸಿದರಾಯಿತು.

ಒಂದು ಭಾನುವಾರವನ್ನು ಹಳೆಯ ದೇವರ ಪಟಗಳಿಗೇ ಮೀಸಲಿಟ್ಟೆವು. ನಮ್ಮ ಮನೆಯ ಜಗುಲಿಯಲ್ಲಿ ಚಾಪೆ ಹಾಸಿ ಕುಳಿತೆವು. ಎರಡೇ ಬೀದಿಗಳಿಂದ ನಲವತ್ತಕ್ಕೂ ಹೆಚ್ಚು ಪಟಗಳು ಬಂದವು. ತಂದವರೆಲ್ಲರೂ ಅವನ್ನು ಹೊಳೆಗೋ ಕೆರೆಗೋ ಬಿಡಬೇಕೆಂದು ಕಟ್ಟಿಟ್ಟಿದ್ದವರೇ. ಗಾಜು ಬೇರೆ, ಮರ ಬೇರೆ, ಕಾಗದ ಬೇರೆ ಮಾಡಿದೆವು. ಹಿರಿಯ ಮುತ್ತೈದೆಯೊಬ್ಬರು ತಮ್ಮ ಅತ್ತೆಯ ಕಾಲದ ಪಟವನ್ನು ಬಿಚ್ಚುವಾಗ ಕಣ್ಣೊರೆಸಿಕೊಂಡರು. ಕಾಗದವನ್ನು ನೆನೆಸಿ, ತಮ್ಮ ಮನೆಯ ಪಾರಿಜಾತದ ಬುಡಕ್ಕೆ ತಾವೇ ಹಾಕಿಕೊಳ್ಳುವೆನೆಂದು ಬಟ್ಟಲಿನಲ್ಲಿ ತೆಗೆದುಕೊಂಡು ಹೋದರು. ಭಕ್ತಿಗೆ ಕುಂದು ಬರಲಿಲ್ಲ, ನೀರಿಗೂ ಕೇಡಾಗಲಿಲ್ಲ.

ನಾನು ಬಿಟ್ಟ ಹನ್ನೆರಡು ಪಟಗಳು ಇನ್ನು ಮರಳಿ ಬರುವುದಿಲ್ಲ. ಅವು ಯಾವ ತಿಟ್ಟಿನ ಬೇರಿಗೆ ಸಿಕ್ಕಿಕೊಂಡಿವೆಯೋ, ಅವುಗಳ ಗಾಜು ಯಾರ ಕಾಲಿಗೆ ಕಾದಿದೆಯೋ ನಾನರಿಯೆ. ಆ ನೋವು ನನ್ನದಾಗಿಯೇ ಇರುತ್ತದೆ. ಓದುಗ ಬಂಧುಗಳು ಮೈಸೂರಿಗೆ ಬಂದಾಗ ಅರಮನೆಯನ್ನೂ ಬೆಟ್ಟವನ್ನೂ ನೋಡಲಿ. ಒಂದು ಮುಂಜಾನೆ ಕುಕ್ಕರಹಳ್ಳಿಯ ಏರಿಯ ಮೇಲೂ ನಡೆಯಲಿ, ರಂಗನತಿಟ್ಟಿನ ದೋಣಿಯಲ್ಲಿ ದನಿ ತಗ್ಗಿಸಿ ಕುಳಿತು ಬರಲಿ. ತಂದ ಬುತ್ತಿಯ ಕಾಗದ, ಬಾಟಲಿಗಳನ್ನು ಬಂದ ಚೀಲದಲ್ಲೇ ಹಿಂದಕ್ಕೆ ಒಯ್ಯಲಿ. ಮರಳಿ ತಮ್ಮ ಊರಿಗೆ ಹೋದ ಮೇಲೆ, ತಮ್ಮ ಮನೆಯ ಮುಂದಿನ ಚರಂಡಿ ಯಾವ ಹಳ್ಳಕ್ಕೆ, ಆ ಹಳ್ಳ ಯಾವ ಹೊಳೆಗೆ, ಆ ಹೊಳೆ ಯಾವ ಕಡಲಿಗೆ ಹೋಗುತ್ತದೆಂದು ಮಕ್ಕಳೊಡನೆ ಕುಳಿತು ಭೂಪಟದಲ್ಲಿ ಒಮ್ಮೆ ಹುಡುಕಿ ನೋಡಲಿ.